ಗೆರೆ ಮೇಡಂ ಮದುವೆಗೆ ಹೊರಟಿದ್ದು

ಆ ಊರಿನಲ್ಲಿ ಕಾರು ಓಡಿಸುವವರನ್ನು ನೋಡಿದರೆ ಹೊರಗಿನವರಿಗೆ ಮೊದಲು ಅನುಮಾನ ಬರುತ್ತದೆ, ಆಮೇಲೆ ನಗು ಬರುತ್ತದೆ. ಹಾರ್ನ್ ಹೊಡೆಯುವವರೇ ಇಲ್ಲ. ತಿರುಗುವ ಮುಂಚೆ ಎಲ್ಲರೂ ಕನ್ನಡಿ ನೋಡುತ್ತಾರೆ, ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾರೆ, ಮತ್ತೊಮ್ಮೆ ಕನ್ನಡಿ ನೋಡುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ತಿರುವೇ ಹಿಂದೆ ಉಳಿದಿರುತ್ತದೆ. ಇನ್ನು ರಸ್ತೆಯ ನಡುವೆ ಎಲ್ಲೂ ತುಂಡಾಗದೆ ಉದ್ದಕ್ಕೂ ಎಳೆದ ಬಿಳಿ ಗೆರೆ ಇರುತ್ತದಲ್ಲ, ಗಟ್ಟಿ ಗೆರೆ, ಅದನ್ನಂತೂ ಯಾರೂ ದಾಟುವುದಿಲ್ಲ. ತಲೆ ಹೋದರೂ ದಾಟುವುದಿಲ್ಲ. ಇದೆಲ್ಲ ಪೊಲೀಸರ ಭಯ ಅಂದುಕೊಂಡರೆ ತಪ್ಪು. ಪೊಲೀಸರಿಗೂ ಡ್ರೈವಿಂಗ್ ಕಲಿಸಿದವಳು ಗೆರೆ ಮೇಡಂ.

ಗೆರೆ ಮೇಡಂ ಐವತ್ತು ದಾಟಿದವಳು. ಅವಳ ಡ್ರೈವಿಂಗ್ ಶಾಲೆ ಎಂದರೆ ಮನೆಯ ಮುಂದಿನ ಕೋಣೆ, ಒಂದು ಕರಿಹಲಗೆ, ಆಟಿಕೆ ಕಾರುಗಳು ತುಂಬಿದ ಬಿಸ್ಕತ್ತು ಡಬ್ಬಿ, ಹೊರಗೆ ನಿಂತ ಹಳದಿ ಬಣ್ಣದ ಪುಟ್ಟ ಕಾರು. ಆ ಕಾರಿನಲ್ಲಿ ಬ್ರೇಕು ಎರಡು ಕಡೆ ಇತ್ತು. ಕಲಿಯುವವರ ಕಾಲಡಿ ಒಂದು, ಪಕ್ಕದಲ್ಲಿ ಕೂರುವ ಮೇಡಂ ಕಾಲಡಿ ಇನ್ನೊಂದು. ಎದುರಿಗೆ ಇರುವೆ ಹಾದುಹೋದರೂ ಮೇಡಂ ಬ್ರೇಕು ಒತ್ತುತ್ತಾಳೆ ಎಂಬುದು ಶಿಷ್ಯರ ದೂರು. ವರ್ಷಾನುಗಟ್ಟಲೆ ಹಾಗೆ ಕೂತು ಕೂತು ಅವಳಿಗೆ ಅದೇ ಚಾಳಿಯಾಗಿಬಿಟ್ಟಿತ್ತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತರೂ, ಸಿನಿಮಾ ನೋಡಲು ಕೂತರೂ, ಒಂದು ಪಾದ ನೆಲವನ್ನು ಒತ್ತಿ ಹಿಡಿದೇ ಇರುತ್ತಿತ್ತು.

ಮೊದಲ ದಿನದ ಪಾಠ ಗೆರೆಗಳದ್ದು. "ತುಂಡು ತುಂಡು ಗೆರೆ ಇದ್ರೆ ಅದು ಬಾಗಿಲು. ಎದುರು ಯಾರೂ ಬರ್ತಿಲ್ಲ ಅಂತ ನೋಡ್ಕೊಂಡು ದಾಟಬಹುದು. ಗಟ್ಟಿ ಗೆರೆ ಇದ್ರೆ ಅದು ಗೋಡೆ. ಗೋಡೆಗೆ ಯಾರಾದ್ರೂ ಕಾರು ನುಗ್ಗಿಸ್ತಾರಾ?" ಎಂದು ಕೇಳುತ್ತಿದ್ದಳು. ಇಲ್ಲ ಮೇಡಂ ಎಂದು ಎಲ್ಲರೂ ಒಟ್ಟಿಗೆ ಹೇಳುವವರೆಗೆ ಬಿಡುತ್ತಿರಲಿಲ್ಲ.

ನಿಯಮದ ಪುಸ್ತಕದಲ್ಲಿ ಅದರ ಕೆಳಗೇ ಇನ್ನೊಂದು ಸಾಲಿತ್ತು. ಮುಂದೆ ವಾಹನ ಕೆಟ್ಟು ನಿಂತು ದಾರಿ ಕಟ್ಟಿದ್ದರೆ, ಎದುರಿನ ಬದಿ ಖಾಲಿಯಿದೆ ಎಂದು ಖಚಿತ ಮಾಡಿಕೊಂಡು, ಗಟ್ಟಿ ಗೆರೆಯನ್ನೂ ನಿಧಾನವಾಗಿ ದಾಟಿ ಹೋಗಬಹುದು. ತನ್ನ ಮೊಟ್ಟಮೊದಲ ಶಿಷ್ಯನಿಗೆ ಮೇಡಂ ಅದನ್ನೂ ಕಲಿಸಿದ್ದಳು. ಅವನೊಬ್ಬ ದರ್ಜಿ. ಲೈಸೆನ್ಸ್ ಕೈಗೆ ಬಂದ ವಾರವೇ, ಗಟ್ಟಿ ಗೆರೆ ದಾಟಿ ಬಸ್ಸನ್ನು ಹಿಂದೆ ಹಾಕಲು ಹೋಗಿ ಸೀದಾ ಹೂವಿನ ಅಂಗಡಿಯೊಳಗೆ ನುಗ್ಗಿದ. ಬಸ್ಸು ಓಡುತ್ತಿತ್ತಲ್ಲಪ್ಪಾ ಎಂದು ಕೇಳಿದರೆ, "ಅದು ಓಡ್ತಿದ್ದ ಚಂದಕ್ಕೆ ಕೆಟ್ಟು ನಿಂತ ಹಾಗೇ ಇತ್ತು ಮೇಡಂ" ಅಂದ. ತಲೆತುಂಬ ಸೇವಂತಿಗೆ ಹೊತ್ತು ನಿಂತಿದ್ದ ಅವನನ್ನು ನೋಡಿದ ದಿನವೇ ಮೇಡಂ ಆ ಸಾಲನ್ನು ಪಾಠದಿಂದ ಕಿತ್ತುಹಾಕಿದಳು. ಈ ಜನಕ್ಕೆ ಸಣ್ಣ ಕಿಂಡಿ ತೋರಿಸಿದರೆ ಲಾರಿಯನ್ನೇ ತೂರಿಸುತ್ತಾರೆ ಎಂಬುದು ಅವಳ ಸಿಟ್ಟು. ಹೀಗಾಗಿ ಗಟ್ಟಿ ಗೆರೆಗೂ ಒಂದು ವಿನಾಯಿತಿ ಇದೆಯೆಂದು ಆ ಊರಿನಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ದರ್ಜಿಗೂ ಗೊತ್ತಿತ್ತು, ಆದರೆ ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಗೆರೆಗಳ ಪಾಠ ಹೇಳುವವಳು ಇವಳಾದರೆ, ಗೆರೆಗಳನ್ನು ಎಳೆಯುವವನು ಬೇರೊಬ್ಬನಿದ್ದ. ರಸ್ತೆ ಇಲಾಖೆಯ ಬಣ್ಣದ ಗಾಡಿ ತಳ್ಳುತ್ತ, ಟೋಪಿ ಹಾಕಿಕೊಂಡು, ಮೈಲುಗಟ್ಟಲೆ ನಡೆಯುವ ಅವನನ್ನು ಊರಿನವರು ಗೆರೆಗಾರ ಎನ್ನುತ್ತಿದ್ದರು. ಅವನ ಗೆರೆ ದಾರ ಹಿಡಿದ ಹಾಗೆ ನೆಟ್ಟಗಿರುತ್ತಿತ್ತು. ಒಂದು ಸಲ ಮಾತ್ರ, ಗ್ರಂಥಾಲಯದ ಮುಂದೆ, ಅವನೆಳೆದ ಗಟ್ಟಿ ಗೆರೆ ಹೊಟ್ಟೆ ಬಂದವರ ಹಾಗೆ ಪಕ್ಕಕ್ಕೆ ಉಬ್ಬಿ ಮತ್ತೆ ಸರಿದಾರಿಗೆ ಬಂದಿತ್ತು. ಮೇಡಂ ಜಗಳ ತೆಗೆಯಲೆಂದೇ ಅವನನ್ನು ಹುಡುಕಿಕೊಂಡು ಹೋದಳು.

"ಅಲ್ಲಿ ಯಾಕ್ರೀ ಗೆರೆ ಸೊಟ್ಟ ಆಗಿದೆ?"

"ನಾಯಿ ಮಲಗಿತ್ತು ಮೇಡಂ."

"ಎಬ್ಬಿಸೋಕೇನಾಗಿತ್ತು?"

"ಎಬ್ಬಿಸೋಣ ಅಂತಾನೇ ಬಗ್ಗಿದೆ. ಅದು ಕನಸು ಕಾಣ್ತಿತ್ತು. ಮಲಗಿದಲ್ಲೇ ಕಾಲಾಡಿಸ್ತಿತ್ತು, ಪಾಪ, ಎಲ್ಲೋ ಓಡ್ತಿತ್ತು ಅನ್ಸತ್ತೆ. ಓಡ್ಕೊಳ್ಳಲಿ ಬಿಡು ಅಂತ ಪಕ್ಕದಿಂದ ಎಳ್ಕೊಂಡು ಹೋದೆ."

ಮೇಡಂ ಬೈಯುವುದನ್ನೇ ಮರೆತಳು. ಮನೆಗೆ ಬಂದ ಮೇಡಂ ಕೈಕಾಲು ತೊಳೆಯುತ್ತ ನಕ್ಕಳು, ದೀಪ ಹಾಕುತ್ತ ನಕ್ಕಳು, ಊಟಕ್ಕೆ ಕೂತು ತುತ್ತು ನೆತ್ತಿಗೇರುವಷ್ಟು ನಕ್ಕಳು. ಅವಳ ತಾಯಿ, ಎಂಬತ್ತರ ಹತ್ತಿರದ ಮುದುಕಿ, ಮಗಳ ಬೆನ್ನು ತಟ್ಟುತ್ತ ಒಂದೇ ಪ್ರಶ್ನೆ ಕೇಳಿದಳು: "ಯಾರೇ ಅವನು?"

ಅವನು ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದವನು. ಇವಳು ಮದುವೆಯ ಗೊಡವೆಗೇ ಹೋಗದವಳು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಮುಖ ಅರಳುತ್ತದೆ ಎಂಬುದು ಇಡೀ ಊರಿಗೆ ಗೊತ್ತಾದ ಮೇಲೂ, ಅವನು ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದ. ಮದುವೆಯಾಗೋಣವಾ ಎಂದು ಕೇಳಿದ್ದೂ ಹಾಗೆಯೇ, "ಮದುವೆ ಆಗೋಣ್ವಾ ಮೇಡಂ?" ಎಂದು. ಅವಳು ಹೂಂ ಅಂದಳು. ಅನ್ನುವುದೇನೋ ಸುಲಭವಾಗಿತ್ತು.

ಮೊದಲ ಸಲ ಮದುವೆ ನೋಂದಣಿ ಕಚೇರಿಯ ಗೇಟಿನವರೆಗೆ ಬಂದ ಮೇಡಂ ಕಾರು ತಿರುಗಿಸಿಕೊಂಡು ಮನೆಗೆ ಹೋದಳು. ಇಂಡಿಕೇಟರ್ ಬಲ್ಬು ಹೋಗಿದೆ, ಇಂಡಿಕೇಟರ್ ಇಲ್ಲದೆ ಗೇಟಿನೊಳಗೆ ತಿರುಗುವುದು ನಿಯಮವಲ್ಲ ಎಂದಳು. ಗೆರೆಗಾರ ಸಂಜೆ ಹೊಸ ಬಲ್ಬು ತಂದು ಹಾಕಿ, ಚಹಾ ಕುಡಿದು ಹೋದ. ಎರಡನೆಯ ಸಲ, ಕಚೇರಿಯ ಮುಂದೆ ಕಾರು ನಿಲ್ಲಿಸಲು ಗುರುತು ಹಾಕಿದ ಜಾಗವೇ ಇಲ್ಲ ಎಂದಳು. ಗೆರೆಗಾರ ಇಲಾಖೆಯ ಅಪ್ಪಣೆ ಪಡೆದು, ಕಚೇರಿಯ ಮೆಟ್ಟಿಲ ಪಕ್ಕದಲ್ಲೇ, ಸರಿಯಾಗಿ ಆ ಹಳದಿ ಕಾರಿನ ಅಳತೆಗೆ ಒಂದು ಬಿಳಿ ಚೌಕ ಎಳೆದ. ಒಂದು ಮಾತು ಆಡಲಿಲ್ಲ, ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಅವನು ಜಗಳವಾಡಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಈಗ ಮೂರನೆಯ ಸಲ. ನೋಂದಣಿ ಅಧಿಕಾರಿಗೆ ವರ್ಗವಾಗಿ, ಅವತ್ತು ಮಧ್ಯಾಹ್ನದ ರೈಲಿಗೆ ಹೊರಡುವವರಿದ್ದರು. ಅವರ ಜಾಗಕ್ಕೆ ಹೊಸಬರು ಯಾವಾಗ ಬರುತ್ತಾರೋ ದೇವರೇ ಬಲ್ಲ. ಗೆರೆಗಾರನಿಗೂ ಮಾರನೆಯ ದಿನದಿಂದ ದೂರದ ಹೆದ್ದಾರಿಯ ಕೆಲಸ ಬಿದ್ದಿತ್ತು; ಹೋದರೆ ಬರುವುದು ತಿಂಗಳುಗಟ್ಟಲೆ ಆದಮೇಲೆ. ಮೇಡಂಗೆ ತನ್ನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಇವತ್ತು ಆಗದಿದ್ದರೆ ಅಷ್ಟು ತಿಂಗಳಲ್ಲಿ ತಾನು ಇನ್ನೂ ನೂರು ನಿಯಮ ಹುಡುಕಿಕೊಳ್ಳುತ್ತೇನೆ, ಅವನು ಎಷ್ಟೇ ಒಳ್ಳೆಯವನಾದರೂ ಒಂದು ದಿನ ಸಾಕಪ್ಪಾ ಎಂದು ಸುಮ್ಮನಾಗುತ್ತಾನೆ. ಹಾಗಾಗಬಾರದು ಎಂದು ಬೆಳಗ್ಗೆ ಕನ್ನಡಿಯಲ್ಲಿ ಮುಖ ನೋಡಿಕೊಂಡು ತನ್ನನ್ನು ತಾನೇ ಗದರಿಸಿ ಹೊರಟಳು.

ಹಸಿರು ರೇಷ್ಮೆ ಉಟ್ಟಿದ್ದಳು. ಪಕ್ಕದ ಸೀಟಿನಲ್ಲಿ ತಾಯಿ, ಕೈಯಲ್ಲಿ ಪೆಪ್ಪರ್‌ಮಿಂಟ್ ಪೊಟ್ಟಣ.

"ಅಮ್ಮಾ, ಕಾಲು ಮೇಲಿಡು. ಅಲ್ಲಿ ಬ್ರೇಕಿದೆ."

"ಇಟ್ಟಿದೀನಿ ಕಣೇ. ಬಸ್‌ಸ್ಟ್ಯಾಂಡಲ್ಲಿ ಕೂತವಳ ಹಾಗೆ ಮಡಿಚಿಟ್ಕೊಂಡಿದೀನಿ. ನೀನು ಮುಂದೆ ನೋಡು."

ಆ ಬೆಳಗು ಬಲು ಚೆನ್ನಾಗಿತ್ತು. ಬೇಕರಿಯ ಮುಂದೆ ಹಾಯುವಾಗ ಬಿಸಿ ಬ್ರೆಡ್ಡಿನ ಘಮ ಬಂತು. ಸಿಗ್ನಲ್‌ಗಳೆಲ್ಲ ಒಂದಾದ ಮೇಲೊಂದು ಹಸಿರಾಗಿ ದಾರಿ ಬಿಟ್ಟವು. ಮೇಡಂ ತನಗರಿವಿಲ್ಲದೆ ಏನೋ ಗುನುಗತೊಡಗಿದಳು, ತಾಯಿ ತಾಳ ತಪ್ಪಿಸಿ ತೊಡೆ ತಟ್ಟತೊಡಗಿದಳು. ಹೀಗೆ ಇಬ್ಬರೂ ಕಾಲುವೆ ರಸ್ತೆಗೆ ಬಂದರು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕಾರ್ಖಾನೆಯ ಉದ್ದನೆಯ ಗೋಡೆ, ನಡುವೆ ರಸ್ತೆ, ರಸ್ತೆಯ ನಡುವೆ ಹೊಸದಾಗಿ ಬಳಿದ ಗಟ್ಟಿ ಗೆರೆ. ಆ ಗೆರೆ ಯಾರದೆಂದು ಗೊತ್ತಿದ್ದ ಮೇಡಂಗೆ ಅದನ್ನು ನೋಡುವುದೇ ಒಂದು ಸುಖ. ಅದೇ ಸುಖದಲ್ಲಿ ತಿರುವು ದಾಟಿದರೆ ಎದುರಿಗೆ ನೀರಿನ ಟ್ಯಾಂಕರ್ ಕೆಟ್ಟು ನಿಂತಿತ್ತು.

ಟ್ಯಾಂಕರಿನ ಡ್ರೈವರ್ ಪರವೂರಿನವನು. ಚಕ್ರದ ಪಕ್ಕ ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ. "ಬೆಲ್ಟ್ ತುಂಡಾಗಿದೆ. ಹೊಸದು ಬರೋ ಹೊತ್ತಿಗೆ ಸಂಜೆ ಆಗತ್ತೆ. ನೀವು ಆ ಕಡೆಯಿಂದ ಹೋಗಿ" ಎಂದು ಕೈ ಬೀಸಿದ.

ಆ ಕಡೆ ಎಂದರೆ ಗೆರೆಯ ಆ ಕಡೆ. ರಸ್ತೆ ಕಣ್ಣು ಹಾಯುವವರೆಗೂ ಖಾಲಿ ಬಿದ್ದಿತ್ತು. ಇದಕ್ಕೆಂದೇ ಇರುವ ನಿಯಮ ಮೇಡಂಗೆ ಬಾಯಿಪಾಠವಿತ್ತು. ಅವಳ ಕೈ ಇಂಡಿಕೇಟರಿನವರೆಗೂ ಹೋಯಿತು. ಅಷ್ಟರಲ್ಲಿ ಅಭ್ಯಾಸದಂತೆ ಕನ್ನಡಿ ನೋಡಿದಳು.

ಕನ್ನಡಿಯಲ್ಲಿ ಬೇಕರಿಯ ವ್ಯಾನು ಬಂದು, ಅಂತರ ಬಿಟ್ಟು, ಶಿಸ್ತಾಗಿ ನಿಂತಿತು. ಅದರ ಹಿಂದೆ ಹಲ್ಲಿನ ಡಾಕ್ಟರ ಕಾರು. ಅದರ ಹಿಂದೆ ಶಾಲೆಯ ಬಸ್ಸು, ದರ್ಜಿ, ಅಂಚೆಯಾಕೆ. ಎಲ್ಲರೂ ಅವಳ ಶಿಷ್ಯರು. ಸ್ಕೂಟರಿನ ಮೇಲಿದ್ದ ಅಂಚೆಯಾಕೆ ಸಂದಿಯಲ್ಲಿ ನುಸುಳಿ ಹೋಗಬಹುದಿತ್ತು. ಅವಳೂ ಕಾಲೂರಿ ನಿಂತಳು. ಮುಂದೆ ಮೇಡಂ ಕಾರಿದೆ ಎಂದು ಗೊತ್ತಾದದ್ದೇ ತಡ, ಸಾಲಿನ ಕೊನೆಯವರೆಗೂ ಒಬ್ಬೊಬ್ಬರೇ ಸೀಟ್‌ಬೆಲ್ಟ್ ಎಳೆದು ನೋಡಿಕೊಂಡರು, ಬೆನ್ನು ನೆಟ್ಟಗೆ ಮಾಡಿಕೊಂಡರು. ಒಂದು ಹಾರ್ನ್ ಇಲ್ಲ, ಒಂದು ಗೊಣಗಾಟವಿಲ್ಲ. ಕಾಲುವೆಯ ನೀರಿನ ಸದ್ದು ಕೇಳುತ್ತಿತ್ತು.

ಮೇಡಂ ಕೈ ಹಿಂದಕ್ಕೆ ಬಂತು.

"ಯಾಕೆ ನಿಂತೆ?" ಎಂದಳು ತಾಯಿ.

"ಗಟ್ಟಿ ಗೆರೆ ಅಮ್ಮ."

ಟ್ಯಾಂಕರ್ ಡ್ರೈವರ್ ಎದ್ದು ಸಾಲನ್ನು ಒಮ್ಮೆ ನೋಡಿದ, ಖಾಲಿ ರಸ್ತೆಯನ್ನು ಒಮ್ಮೆ ನೋಡಿದ. "ಏನ್ರೀ ಆಗಿದೆ ಈ ಊರಿಗೆ?" ಎಂದು ಬೇಕರಿಯವನನ್ನು ಕೇಳಿದ. ಬೇಕರಿಯವನು ಬಾಯಿ ಮೇಲೆ ಬೆರಳಿಟ್ಟು, ಮುಂದಿನ ಹಳದಿ ಕಾರನ್ನು ತೋರಿಸಿದ.

ಮೇಡಂ ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿ, ಇಷ್ಟೆಲ್ಲ ಆದಮೇಲೆ ಫೋನು ಕೈಗೆತ್ತಿಕೊಂಡಳು. ಗೆರೆಗಾರ ಕಚೇರಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದ.

"ಎಲ್ಲಿದೀರಿ ಮೇಡಂ?"

"ಕಾಲುವೆ ರಸ್ತೆ. ಮುಂದೆ ಟ್ಯಾಂಕರ್ ಕೆಟ್ಟಿದೆ. ಪಕ್ಕದಲ್ಲಿ ನಿಮ್ಮ ಗೆರೆ ಇದೆ."

"ಗಟ್ಟಿದಾ?"

"ನೀವೇ ಎಳೆದಿದ್ದು."

"ಹೂಂ. ಅಲ್ಲಿ ಎರಡು ಸಲ ಬಳಿದಿದ್ದೆ, ಚೆನ್ನಾಗಿ ಕಾಣಲಿ ಅಂತ" ಎಂದ ಅವನು, ಯಾರಿಗೋ ಕೆಟ್ಟ ಸುದ್ದಿ ಹೇಳುವವನ ಹಾಗೆ. "ಅಲ್ಲೇ ಇರಿ. ಬರ್ತೀನಿ."

ತಾಯಿ ಇನ್ನೊಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡಳು. "ನಿಜ ಹೇಳು. ಇಲ್ಲಿ ದಾಟೋ ಹಾಗಿಲ್ವಾ?"

"ದಾಟಬಹುದು. ಕೆಟ್ಟು ನಿಂತ ಗಾಡಿ ಇದ್ರೆ ದಾಟಬಹುದು ಅಂತ ನಿಯಮಾನೇ ಇದೆ. ಆದ್ರೆ ಇವ್ರಿಗೆಲ್ಲ ಹೇಳಿಕೊಟ್ಟಿಲ್ವಲ್ಲ. ನಾನೇ ದಾಟಿದ್ರೆ ನಾಳೆಯಿಂದ ಯಾರು ನನ್ನ ಮಾತು ಕೇಳ್ತಾರೆ?"

"ಆವತ್ತು ಬಲ್ಬು. ಆಮೇಲೆ ಜಾಗ. ಇವತ್ತು ಟ್ಯಾಂಕರು." ತಾಯಿ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ನಿಂಗೆ ಅಡ್ಡ ಬಂದಿರೋದು ಗೆರೆ ಅಲ್ಲ ಕಣೇ. ನಿಂಗೆ ಹೆದರಿಕೆ."

ಮೇಡಂ ಸ್ಟೀರಿಂಗ್ ಹಿಡಿದು ಗೆರೆಯನ್ನೇ ನೋಡಿದಳು. ಹೆದರಿಕೆಯೇ. ಅವನ ಬಗ್ಗೆಯಲ್ಲ, ಆ ನಗುವಿನ ಬಗ್ಗೆ. ಕಾಲು ತೊಳೆಯುವಾಗ, ದೀಪ ಹಾಕುವಾಗ, ಕಾರಣವಿಲ್ಲದೆ ಉಕ್ಕಿ ಬರುತ್ತಿದ್ದ ಆ ನಗು ಅವಳ ಹಿಡಿತದಲ್ಲಿರಲಿಲ್ಲ. ಇಷ್ಟೊಂದು ಸಂತೋಷ ಕೈಗೆ ಕೊಟ್ಟರೆ ಎಲ್ಲಿ ಕೊಂಡುಹೋಗಿ ಗುದ್ದಿಬಿಡುತ್ತೇನೋ ಎಂದು ಅವಳಿಗೆ ನಿಜವಾಗಿ ಭಯವಾಗುತ್ತಿತ್ತು. ಈಗಲೂ ಅವಳ ಒಂದು ಪಾದ ಬ್ರೇಕನ್ನು ಒತ್ತಿ ಹಿಡಿದೇ ಇತ್ತು. ಇಂಜಿನ್ ಆರಿಸಿ ಆಗಲೇ ಎಷ್ಟೋ ಹೊತ್ತಾಗಿತ್ತು.

ಆಗ ಯಾರೋ ಬಂದು ಕಿಟಕಿಯ ಪಕ್ಕ ಕೆಮ್ಮಿದರು. ನೋಡಿದರೆ ನೋಂದಣಿ ಅಧಿಕಾರಿ. ದಪ್ಪನೆಯ ಆಳು, ಬೆವರಿ ತೊಪ್ಪೆಯಾಗಿದ್ದರು, ಕಂಕುಳಲ್ಲಿ ಕಚೇರಿಯ ಚೀಲ.

"ನೀವಿನ್ನೂ ಕಚೇರಿಗೆ ಹೋಗಿಲ್ವಾ?" ಎಂದಳು ಮೇಡಂ ಗಾಬರಿಯಾಗಿ.

"ಎಲ್ಲಿ ಹೋಗ್ಲಿ ಮೇಡಂ, ನಿಮ್ಮ ಹಿಂದೇನೇ ಇದೀನಿ. ಶಾಲೆ ಬಸ್ಸಿನ ಆಚೆ." ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ನೀವು ದಾಟದೆ ನಾನು ದಾಟೋ ಹಾಗಿಲ್ಲ. ನಾನು ದಾಟದೆ ನಿಮ್ಮ ಮದುವೆ ಆಗೋ ಹಾಗಿಲ್ಲ. ನನ್ನ ರೈಲಂತೂ ಯಾರಿಗೂ ಕಾಯಲ್ಲ."

ತಾಯಿಗೆ ನಗು ತಡೆಯಲಾಗಲಿಲ್ಲ. ಮಡಿಚಿಟ್ಟುಕೊಂಡಿದ್ದ ಕಾಲು ಕೆಳಗೆ ಬಿತ್ತು, ಆ ಕಡೆಯ ಬ್ರೇಕು ಟಕ್ಕೆಂದಿತು. ಅಧಿಕಾರಿ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಮೂರು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದ ಶಿಷ್ಯರು ಅವರು. ಆ ಸದ್ದು ಅವರಿಗೆ ಈಗಲೂ ಕನಸಿನಲ್ಲಿ ಬರುತ್ತಿತ್ತು.

ಅಷ್ಟರಲ್ಲಿ ಎದುರಿನಿಂದ ಸೈಕಲ್ಲೊಂದು ಬಂತು. ತನ್ನ ಬದಿಯಲ್ಲೇ, ಗೆರೆಯಿಂದ ಗೌರವದ ಅಂತರದಲ್ಲಿ, ಗೆರೆಗಾರ ಬರುತ್ತಿದ್ದ. ಮದುವೆಗೆಂದು ಹೊಲಿಸಿದ ಬಿಳಿ ಅಂಗಿ, ತಲೆಗೆ ಎಣ್ಣೆ ಹಾಕಿ ತೆಗೆದ ಬೈತಲೆ. ಹ್ಯಾಂಡಲ್ಲಿಗೆ ಒಂದು ಡಬ್ಬಿ ನೇತಾಡುತ್ತಿತ್ತು, ಹಿಂದೆ ಬಣ್ಣ ಬಳಿಯುವ ರೋಲರ್ ಕಟ್ಟಿತ್ತು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಮೇಡಂ ಕಡೆ ನೋಡಿ ಸ್ವಲ್ಪ ನಾಚಿಕೊಂಡು ನಕ್ಕು, ಗೆರೆಯ ಪಕ್ಕ ಮೊಣಕಾಲೂರಿ ಕೂತ. ಡಬ್ಬಿಯ ಮುಚ್ಚಳ ತೆಗೆದು ರೋಲರ್ ಅದ್ದಿದ. ಬಣ್ಣ ಕಪ್ಪು. ತಪ್ಪಾಗಿ ಎಳೆದ ಗೆರೆಗಳನ್ನು ಅಳಿಸಲು ಇಲಾಖೆಯವರು ಬಳಿಯುವ ಬಣ್ಣ ಅದು. ಎರಡೆರಡು ಸಲ ಬಳಿದು ಚಂದ ಮಾಡಿದ ತನ್ನದೇ ಗೆರೆಯ ಮೇಲೆ ಅವನು ಅದನ್ನು ಉರುಳಿಸತೊಡಗಿದ.

ಮೇಡಂ ಕಾರಿನಿಂದ ಇಳಿದು ಓಡಿದಳು. ಕನ್ನಡಿ ನೋಡದೆ ಅವಳು ಕಾರಿನ ಬಾಗಿಲು ತೆಗೆದದ್ದು ಅದೇ ಮೊದಲು. ಇಡೀ ಸಾಲು ಅದನ್ನು ಗಮನಿಸಿತು.

"ಏನ್ ಮಾಡ್ತಿದೀರಿ?"

"ತುಂಡು ಮಾಡ್ತಿದೀನಿ ಮೇಡಂ. ಅಲ್ಲಲ್ಲಿ ಒಂದಿಷ್ಟು ಅಳಿಸಿದ್ರೆ ತುಂಡು ಗೆರೆ ಆಗತ್ತೆ. ಆಮೇಲೆ ನೀವು ದಾಟಬಹುದು." ಅವನು ತಲೆಯೆತ್ತದೆ ಹೇಳಿದ.

"ಇಲಾಖೆಯವ್ರು ಕೇಳಿದ್ರೆ?"

"ನಾಯಿ ಮಲಗಿತ್ತು ಅಂತೀನಿ."

ಮೇಡಂಗೆ ಅಲ್ಲೇ, ಅಷ್ಟೂ ಜನರ ಮುಂದೆ, ಆ ನಗು ಬಂತು. ಸೊಂಟ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು, ನೀರು ನಗುವಿನದೋ ಬೇರೆಯದೋ ಅವಳಿಗೇ ತಿಳಿಯಲಿಲ್ಲ. ಅವನ ಬಿಳಿ ಅಂಗಿಯ ತೋಳಿಗೆ ಕಪ್ಪು ಮೆತ್ತಿತ್ತು, ಮೂಗಿನ ತುದಿಗೂ ಒಂದು ಚುಕ್ಕೆ ಹತ್ತಿತ್ತು. ಜೀವಮಾನವೆಲ್ಲ ನೆಟ್ಟಗೆ ಗೆರೆ ಎಳೆದ ಮನುಷ್ಯ ತನಗಾಗಿ ಮೊಣಕಾಲೂರಿ ಕೂತು ಅದನ್ನು ಅಳಿಸುತ್ತಿದ್ದಾನೆ. ಇವನನ್ನು ಬಿಟ್ಟರೆ ನನ್ನಂಥ ದಡ್ಡಿ ಯಾರೂ ಇಲ್ಲ ಎಂದುಕೊಂಡಳು.

ಅವನ ಕೈಯಿಂದ ರೋಲರ್ ಕಿತ್ತುಕೊಂಡಳು. "ಸಾಕು, ಏಳಿ. ಅಪ್ಪಣೆ ಇಲ್ಲದೆ ಮಾಡಿದ ತುಂಡು ಗೆರೆ ಲೆಕ್ಕಕ್ಕೆ ಬರಲ್ಲ. ನಾನು ಗಟ್ಟಿ ಗೆರೆನೇ ದಾಟ್ತೀನಿ."

ಆಮೇಲೆ ಸಾಲಿನ ಕಡೆ ತಿರುಗಿ, ರೋಲರನ್ನೇ ಬೆತ್ತದ ಹಾಗೆ ಹಿಡಿದು, ತರಗತಿಯ ದನಿಯಲ್ಲಿ ಹೇಳಿದಳು: "ಎಲ್ಲರೂ ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬನ್ನಿ. ಒಂದು ಪಾಠ ಬಾಕಿ ಇದೆ."

ಬಾಗಿಲುಗಳು ಒಂದಾದ ಮೇಲೊಂದು ತೆರೆದವು. ಎಲ್ಲರೂ ಬಂದು ಟ್ಯಾಂಕರಿನ ಹಿಂದೆ, ಗೆರೆಯ ಈ ಕಡೆಯೇ, ಒತ್ತೊತ್ತಾಗಿ ನಿಂತರು. ಯಾವ ಪಾಠ ತಮಗೆ ತಪ್ಪಿಹೋಗಿತ್ತೋ ಎಂದು ಕೆಲವರ ಮುಖ ಬಿಳಿಚಿಕೊಂಡಿತ್ತು. ಟ್ಯಾಂಕರ್ ಡ್ರೈವರ್ ಕಿತ್ತಳೆ ತಿನ್ನುವುದನ್ನು ನಿಲ್ಲಿಸಿದ.

"ಗಟ್ಟಿ ಗೆರೆ ಗೋಡೆ ಅಂದಿದ್ದೆ" ಎಂದಳು ಮೇಡಂ. "ಈಗ್ಲೂ ಗೋಡೆನೇ. ಆದ್ರೆ ಮುಂದೆ ಗಾಡಿ ಕೆಟ್ಟು ನಿಂತು, ದಾರಿ ಪೂರ್ತಿ ಕಟ್ಟಿಹೋಗಿದ್ರೆ, ಆ ಗೋಡೆಗೆ ಒಂದು ಬಾಗಿಲಿದೆ. ನಿಲ್ಲಬೇಕು, ಎದುರು ನೋಡಬೇಕು, ಹಿಂದೆ ನೋಡಬೇಕು, ಇಂಡಿಕೇಟರ್ ಹಾಕಬೇಕು, ನಿಧಾನಕ್ಕೆ ದಾಟಿ, ಕೂಡ್ಲೇ ನಿಮ್ಮ ಬದಿಗೆ ವಾಪಸ್ ಬರಬೇಕು. ಇದು ಪುಸ್ತಕದಲ್ಲೇ ಇದೆ. ನಾನು ಹೇಳಿಕೊಟ್ಟಿರಲಿಲ್ಲ."

ಹಲ್ಲಿನ ಡಾಕ್ಟರು ಕೈಯೆತ್ತಿದರು. "ಮೇಡಂ, ಹಾಗಾದ್ರೆ ಆವತ್ತು ಕೆಟ್ಟುಹೋದ ಟ್ರ್ಯಾಕ್ಟರ್ ಹಿಂದೆ ನಾನು ಮಧ್ಯಾಹ್ನ ಪೂರ್ತಿ ಕೂತಿದ್ದು?"

"ಕೂರಬೇಕಾಗಿರಲಿಲ್ಲ."

"ಟ್ರ್ಯಾಕ್ಟರಿನವನು ಮನೆಗೆ ಹೋಗಿ ಊಟ ಮಾಡಿ ಬಂದ ಮೇಡಂ."

"ನಾನು ಆವತ್ತೇ ಹೇಳಿದ್ದೆ" ಎಂದು ಹಿಂದಿನಿಂದ ದರ್ಜಿಯ ದನಿ ಬಂತು. "ಪುಸ್ತಕದಲ್ಲಿದೆ ಅಂತ ಬಾಯಿ ಬಡ್ಕೊಂಡೆ. ಯಾರೂ ನಂಬ್ಲಿಲ್ಲ."

"ನೀನು ಸುಮ್ನಿರು. ಓಡೋ ಬಸ್ಸು ಕೆಟ್ಟು ನಿಂತ ಗಾಡಿ ಅಲ್ಲ" ಎಂದಳು ಮೇಡಂ. ಆಗ ನಕ್ಕರು ನೋಡಿ ಎಲ್ಲರೂ. ಬೇಕರಿಯವನು ನಕ್ಕ, ಅಂಚೆಯಾಕೆ ನಕ್ಕಳು, ಅಧಿಕಾರಿ ಹೊಟ್ಟೆ ಕುಲುಕಿಸಿ ನಕ್ಕರು, ವಿಷಯವೇ ತಿಳಿಯದ ಟ್ಯಾಂಕರ್ ಡ್ರೈವರ್ ಎಲ್ಲರಿಗಿಂತ ಜೋರಾಗಿ ನಕ್ಕ.

ಮೇಡಂ ಕಾರಿಗೆ ಹತ್ತಿದಳು. ಗೆರೆಗಾರ ಹಿಂದಿನ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಸೈಕಲ್ಲು ಬ್ರೆಡ್ಡಿನ ವ್ಯಾನು ಹತ್ತಿತು. ಅವಳು ಎದುರು ನೋಡಿದಳು, ಕನ್ನಡಿ ನೋಡಿದಳು, ಭುಜದ ಮೇಲಿಂದ ಹಿಂದೆ ನೋಡಿದಳು. ಹಿಂದೆ ಮೂಗಿಗೆ ಕಪ್ಪು ಹತ್ತಿದ ಅವನ ಮುಖವಿತ್ತು. ಅದನ್ನು ನಿಯಮಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಇಂಡಿಕೇಟರ್ ಹಾಕಿದಳು. ಅವನೇ ತಂದು ಹಾಕಿದ ಬಲ್ಬು ಟಿಕ್ ಟಿಕ್ ಎಂದು ಮಿನುಗಿತು.

ಅವನು ಅಳಿಸಿದ ಕಪ್ಪು ಜಾಗವನ್ನು ಬೇಕೆಂದೇ ಬಿಟ್ಟು, ಬೆಳ್ಳಗೆ ಹೊಳೆಯುತ್ತಿದ್ದ ಕಡೆಯಲ್ಲಿ ಅವಳು ಗೆರೆ ದಾಟಿದಳು. ಚಕ್ರಕ್ಕೆ ಗೆರೆ ತಾಗಿದ್ದೇ ಗೊತ್ತಾಗಲಿಲ್ಲ.

"ಇಷ್ಟೇನಾ?" ಎಂದಳು ತಾಯಿ.

"ಇಷ್ಟೇ ಅಮ್ಮ" ಎಂದು ಮೇಡಂ ತನ್ನ ಬದಿಗೆ ಮರಳಿದಳು.

ಅವಳ ಹಿಂದೆ ಬೇಕರಿ ದಾಟಿತು, ಹಲ್ಲಿನ ಡಾಕ್ಟರು ದಾಟಿದರು, ಶಾಲೆಯ ಬಸ್ಸು ಗರ್ಭಿಣಿಯ ಹಾಗೆ ಜೋಪಾನವಾಗಿ ದಾಟಿತು. ಅಧಿಕಾರಿ ಕಣ್ಣು ಮುಚ್ಚಿಕೊಂಡೇ ದಾಟಿದರೆಂದು ಆಮೇಲೆ ಅಂಚೆಯಾಕೆ ಸಾರಿಕೊಂಡು ಬಂದಳು. ದಾಟಿದವರಿಗೆಲ್ಲ ಅದೇನು ಹುರುಪು ಬಂತೋ, ಒಬ್ಬರೂ ತಮ್ಮ ಕೆಲಸಕ್ಕೆ ಹೋಗಲಿಲ್ಲ. ಹಳದಿ ಕಾರಿನ ಹಿಂದೆ, ಅಂತರ ಬಿಟ್ಟು, ಇಂಡಿಕೇಟರ್ ಮಿನುಗಿಸುತ್ತ, ಇಡೀ ಸಾಲು ನೋಂದಣಿ ಕಚೇರಿಗೆ ಬಂತು. ಗಂಟಲಿಗೆ ಬಂದ ಸಂಭ್ರಮವನ್ನು ತಡೆಯಲಾಗದೆ ಬೇಕರಿಯವನು ಒಂದು ಸಲ ಹಾರ್ನ್ ಒತ್ತಿಬಿಟ್ಟ. ಮೇಡಂ ಕೇಳಿಸದವಳ ಹಾಗೆ ಇದ್ದುಬಿಟ್ಟಳು.

ಮೆಟ್ಟಿಲ ಪಕ್ಕದ ಬಿಳಿ ಚೌಕ ಖಾಲಿಯಿತ್ತು. ಕಾರು ಅದರೊಳಗೆ ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

ಅಧಿಕಾರಿ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತು, "ಒಪ್ಪಿಗೆಯಾ?" ಎಂದು ಕೇಳಿದರು. ಗೆರೆಗಾರ ಹೂಂ ಎಂದ. ಮೇಡಂ ಅಭ್ಯಾಸದಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಭುಜದ ಮೇಲಿಂದ ಹಿಂದಕ್ಕೆ ನೋಡಿದಳು. ಶಿಷ್ಯರು ಕೋಣೆ ತುಂಬ ನಿಂತಿದ್ದರು.

"ಯಾರೂ ಬರ್ತಿಲ್ಲ ಮೇಡಂ, ದಾಟಿ" ಎಂದ ದರ್ಜಿ.

"ಒಪ್ಪಿಗೆ" ಎಂದಳು ಅವಳು. ಸಹಿ ಹಾಕುವಾಗ ಅವನ ಕೈಯ ಕಪ್ಪು ಅವಳ ಕೈಗೂ ಹತ್ತಿತು. ಅಧಿಕಾರಿಯನ್ನು ಬ್ರೆಡ್ಡಿನ ವ್ಯಾನಿನಲ್ಲಿ ಕೂರಿಸಿ ರೈಲಿಗೆ ಕಳಿಸಿದರು. ರೈಲು ಸಿಕ್ಕಿತಂತೆ.

ಮನೆಗೆ ಹೊರಡುವಾಗ ಮೇಡಂ ಕಾರಿನ ಕೀಲಿಯನ್ನು ಅವನ ಕೈಗೆ ಕೊಟ್ಟಳು. ಅವನು ಕೀಲಿಯನ್ನೂ ಅವಳನ್ನೂ ನೋಡಿ, ಏನೂ ಕೇಳದೆ ಸ್ಟೀರಿಂಗ್ ಹಿಡಿದ. ಅವಳು ಪಕ್ಕದ ಸೀಟಿನಲ್ಲಿ, ತನ್ನ ಹಳೆಯ ಜಾಗದಲ್ಲಿ, ಆ ಇನ್ನೊಂದು ಬ್ರೇಕಿನ ಮುಂದೆ ಕೂತಳು. ಪಾದ ತಾನಾಗಿ ಅದನ್ನು ಹುಡುಕಿಕೊಂಡು ಹೋಯಿತು.

"ಕಾಲು ಮೇಲಿಡೇ" ಎಂದಳು ಹಿಂದೆ ಕೂತ ತಾಯಿ. "ಅಲ್ಲಿ ಬ್ರೇಕಿದೆ."

ಮೇಡಂ ಚಪ್ಪಲಿ ಬಿಟ್ಟು ಎರಡೂ ಕಾಲು ಮೇಲೆತ್ತಿ, ರೇಷ್ಮೆಯೊಳಗೆ ಮಡಿಚಿಟ್ಟುಕೊಂಡಳು. ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ಪೆಪ್ಪರ್‌ಮಿಂಟ್ ಪೊಟ್ಟಣ ಹಿಡಿದುಕೊಂಡಳು. ಅವನು ನಿಧಾನವಾಗಿ ಓಡಿಸಿದ. ಗ್ರಂಥಾಲಯದ ಹತ್ತಿರ ಬಂದಾಗ, ಗೆರೆ ಉಬ್ಬಿದ ಜಾಗದಲ್ಲಿ ಅದೇ ನಾಯಿ ಎದ್ದು ಮೈಮುರಿದು, ಯಾರ ಹಂಗೂ ಇಲ್ಲದೆ ರಸ್ತೆಗೆ ಅಡ್ಡ ನಡೆಯಿತು. ಮೇಡಂ ಕಾಲು ಮೇಲೇ ಇತ್ತು.

ಕಾರು ಮೆತ್ತಗೆ ನಿಂತಿತು. ಅವನೇ ನಿಲ್ಲಿಸಿದ್ದ.

ನಾಯಿ ಆ ಬದಿ ಸೇರುವವರೆಗೆ ಮೂವರೂ ಕಾದರು. ಆಮೇಲೆ ಅವನು ಗೇರು ಹಾಕಿದ, ಅವಳು ಅವನ ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಹಾಕಿದಳು, ಮನೆಗೆ ಹೋದರು.